ಗೆರೆ ಒಳಗಾ, ಹೊರಗಾ?

ಶಾಲಾ ಕ್ರೀಡಾಕೂಟದಲ್ಲಿ ಜಗಳ ಶುರುವಾಗುವುದು ಜಾಸ್ತಿ ಗೆರೆಯ ಹತ್ತಿರವೇ. "ಸರ್, ಗೆರೆ ಮೇಲೆ ಬಿತ್ತು!" ಅಂತ ಎರಡೂ ತಂಡ ಕೂಗುತ್ತವೆ. ಆದರೆ ಗೆರೆ ಮೇಲೆ ಬಿದ್ದರೆ ಏನು ಅನ್ನುವುದು ಒಂದೊಂದು ಆಟದಲ್ಲಿ ಒಂದೊಂದು ಥರ. ದೈಹಿಕ ಶಿಕ್ಷಕನಾಗಿ ನಾನು ಇದನ್ನು ಸುಣ್ಣ ಹಾಕುವ ಹೊತ್ತಿಗೇ ಮಕ್ಕಳಿಗೆ ತೋರಿಸುತ್ತೇನೆ.

ವಾಲಿಬಾಲ್ ಕೋರ್ಟ್ 18 ಮೀಟರ್ ಉದ್ದ, 9 ಮೀಟರ್ ಅಗಲ. 5 ಸೆಂ.ಮೀ. ದಪ್ಪದ ಗೆರೆ ಈ ಅಳತೆಯ ಒಳಗೇ ಬರಬೇಕು. ಅಂದರೆ ಟೇಪು ಹಿಡಿಯುವುದು ಗೆರೆಯ ಹೊರ ಅಂಚಿಗೆ. ಹಾಗಾಗಿ ಚೆಂಡು ಗೆರೆಗೆ ಚೂರು ತಾಗಿದರೂ ಇನ್. ಬ್ಯಾಸ್ಕೆಟ್‌ಬಾಲ್‌ನಲ್ಲಿ ಪೂರ್ತಿ ಉಲ್ಟಾ. 28 ಮೀಟರ್, 15 ಮೀಟರ್ ಅಳತೆ ಗೆರೆಯ ಒಳ ಅಂಚಿನಿಂದ ಒಳ ಅಂಚಿಗೆ. ಗೆರೆ ಕೋರ್ಟಿಗೆ ಸೇರಿದ್ದಲ್ಲ, ಅದನ್ನು ತುಳಿದರೆ ಔಟ್. ವಾಲಿಬಾಲ್ ಹಾಕಿದ ರೂಢಿಯಲ್ಲೇ ಇಲ್ಲೂ ಹೊರ ಅಂಚಿಗೆ ಅಳೆದರೆ ಉದ್ದದಲ್ಲೂ ಅಗಲದಲ್ಲೂ 10 ಸೆಂ.ಮೀ. ಕೋರ್ಟ್ ಕಿರಿದಾಗುತ್ತದೆ. ಮೂರು ಪಾಯಿಂಟಿನ ಗೆರೆ ತುಳಿದುಕೊಂಡು ಎಸೆದರೂ ಸಿಗುವುದು ಎರಡೇ.

ಫುಟ್‌ಬಾಲ್‌ನಲ್ಲಿ ಔಟ್ ಆಗಲಿ, ಗೋಲಾಗಲಿ, ಚೆಂಡು ಪೂರ್ತಿಯಾಗಿ ಗೆರೆ ದಾಟಬೇಕು, ನೆಲದ ಮೇಲಾದರೂ ಸರಿ, ಗಾಳಿಯಲ್ಲಾದರೂ ಸರಿ. 2022ರ ಕತಾರ್ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಜಪಾನ್ ಹೊಡೆದ ಎರಡನೇ ಗೋಲು ನೆನಪಿದೆ ಅಲ್ವಾ? ಆ ಗೋಲಿಗೆ ಪಾಸ್ ಕೊಡುವಾಗ, ಚೆಂಡು ನೆಲಕ್ಕೆ ತಾಗಿದ ಜಾಗ ಮೈದಾನದ ಕೊನೆಯ ಗೆರೆಯ ಹೊರಗಿತ್ತು. ಆದರೆ ಅದರ ಉಬ್ಬಿದ ಬದಿ ಇನ್ನೂ ಗೆರೆಯ ಮೇಲೆಯೇ ಚಾಚಿತ್ತು. ಮೇಲಿನಿಂದ ನೋಡಿದರೆ ಮಾತ್ರ ಅದು ಗೊತ್ತಾಗುತ್ತಿತ್ತು. ಚೆಂಡು ಔಟ್ ಆಗಿರಲಿಲ್ಲ, ಹಾಗಾಗಿ ಗೋಲು ಉಳಿಯಿತು. ನನ್ನ ಪ್ರಕಾರ ಅದು ಸರಿಯಾದ ತೀರ್ಪೇ.

ಕ್ರಿಕೆಟ್‌ನಲ್ಲಿ ಕ್ರೀಸ್ ಅಂದರೆ ಸುಣ್ಣದ ಪಟ್ಟಿಯ ಹಿಂದಿನ ಅಂಚು, ಸ್ಟಂಪ್ ಕಡೆಯದು. ಓಡಿ ಬಂದ ಬ್ಯಾಟರ್‌ನ ಬ್ಯಾಟು ಬರೀ ಪಟ್ಟಿಯ ಮೇಲಿದ್ದಾಗ ಬೇಲ್ಸ್ ಹಾರಿದರೆ ರನೌಟ್.

ನನಗೆ ಎಲ್ಲಕ್ಕಿಂತ ಇಷ್ಟ ಕಬಡ್ಡಿಯ ಲಾಬಿ. ಅಂಗಳದ ಎರಡೂ ಬದಿ 1 ಮೀಟರ್ ಅಗಲದ ಪಟ್ಟಿ ಅದು. ರೈಡರ್ ಯಾರನ್ನೂ ಮುಟ್ಟದೆ ಅಲ್ಲಿ ಕಾಲಿಟ್ಟರೆ ಔಟ್. ಮುಟ್ಟಿದ ಮರುಕ್ಷಣವೇ ಅದೇ ಪಟ್ಟಿ ಅಂಗಳಕ್ಕೆ ಸೇರಿಬಿಡುತ್ತದೆ, ಹಿಡಿದಾಟ ಅಲ್ಲೂ ನಡೆಯಬಹುದು. ಅದಕ್ಕೇ ಪಕ್ಕದಲ್ಲಿ ನಿಂತ ಅಂಪೈರ್ ಕಾಲನ್ನಷ್ಟೇ ನೋಡಿದರೆ ಸಾಲದು, ರೈಡರ್ ಕೈ ಮೇಲೂ ಕಣ್ಣಿರಬೇಕು. ಸ್ಪರ್ಶ ಮೊದಲೋ, ಹೆಜ್ಜೆ ಮೊದಲೋ ಅನ್ನುವುದರ ಮೇಲೇ ಪಾಯಿಂಟು.