ಮಲಗಿರುವ ವೈರಸ್ಸನ್ನು ಎಣಿಸುವುದು ಹೇಗೆ?

2010ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಎಚ್‌ಐವಿ ಸೋಂಕಿನೊಂದಿಗೆ ಒಂದು ಮಗು ಹುಟ್ಟಿತು. ಸುಮಾರು 30 ಗಂಟೆಯಲ್ಲೇ ಔಷಧ ಶುರುವಾಯಿತು. 18 ತಿಂಗಳಾದ ಮೇಲೆ ಔಷಧ ನಿಂತುಹೋಯಿತು. ಆದರೂ ರಕ್ತದಲ್ಲಿ ವೈರಸ್ ಏಳಲಿಲ್ಲ. ಮಗು ಗುಣವಾಯಿತು ಅಂತ ಎಷ್ಟೋ ಜನ ಆಸೆಪಟ್ಟರು. ಎರಡು ವರ್ಷ ದಾಟಿದ ಮೇಲೆ, 2014ರಲ್ಲಿ, ಅದು ಮತ್ತೆ ಕಾಣಿಸಿಕೊಂಡಿತು.

ಅಷ್ಟು ದಿನ ಎಲ್ಲಿತ್ತು? ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಸಿಡಿ4 ಕೋಶಗಳ ಡಿಎನ್‌ಎ ಒಳಗೆ ಸೇರಿಕೊಂಡು ಮಲಗಿತ್ತು. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆಗಳು ವೈರಸ್ ಹೆಚ್ಚುವುದನ್ನು ತಡೆಯುತ್ತವೆ, ಮಲಗಿದ್ದನ್ನು ಮುಟ್ಟುವುದಿಲ್ಲ. ವೈರಲ್ ಲೋಡ್ ಪರೀಕ್ಷೆ ಎಣಿಸುವುದೂ ರಕ್ತದಲ್ಲಿ ತೇಲುವ ವೈರಸ್ಸನ್ನು ಮಾತ್ರ.

ಮಲಗಿದ್ದನ್ನು ಎಣಿಸಬೇಕಾದರೆ ಎಬ್ಬಿಸಿ ನೋಡಬೇಕು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಸಿಲಿಸಿಯಾನೊ ತಂಡ 1990ರ ದಶಕದಲ್ಲಿ ಮಾಡಿದ್ದು ಇದನ್ನೇ. ರೋಗಿಯ ರಕ್ತದಿಂದ ವಿಶ್ರಾಂತಿಯಲ್ಲಿರುವ ಸಿಡಿ4 ಕೋಶಗಳನ್ನು ಬೇರ್ಪಡಿಸಿ, ಪ್ರಯೋಗದ ತಟ್ಟೆಯ ಒಂದೊಂದು ಗುಳಿಗೂ ಕಡಿಮೆ ಕಡಿಮೆ ಕೋಶ ಹಾಕುತ್ತಾ ಹೋಗುತ್ತಾರೆ. ಕೋಶಗಳನ್ನು ಕೆರಳಿಸಿ, ಎದ್ದ ವೈರಸ್ ಬೆಳೆಯಲೆಂದು ಆರೋಗ್ಯವಂತರ ಕೋಶಗಳನ್ನು ಜೊತೆಗೆ ಬಿಡುತ್ತಾರೆ. ಎರಡು ಮೂರು ವಾರ ಕಾದು, ಯಾವ ಗುಳಿಯಲ್ಲಿ ವೈರಸ್ ಬೆಳೆಯಿತು ಅಂತ ನೋಡುತ್ತಾರೆ. ಸಿಕ್ಕ ಲೆಕ್ಕ, ಸುಮಾರು 10 ಲಕ್ಷ ಕೋಶಗಳಲ್ಲಿ ಒಂದು. ಇದಕ್ಕೆ ರಕ್ತ ಜಾಸ್ತಿ ಬೇಕು, ಶ್ರಮವೂ ಜಾಸ್ತಿ.

ಸುಮ್ನೆ ಪಿಸಿಆರ್ ಮಾಡಿ ವೈರಸ್ಸಿನ ಡಿಎನ್‌ಎ ಎಣಿಸಬಾರದೇ? ಎಣಿಸಬಹುದು. ಆದರೆ ಉತ್ತರ ಸರಾಸರಿ 300 ಪಟ್ಟು ದೊಡ್ಡದಾಗಿ ಬರುತ್ತದೆ! ಯಾಕೆ ಅಂತ 2013ರಲ್ಲಿ ಯಾ-ಚಿ ಹೋ ಮತ್ತು ಜೊತೆಗಾರರು ತೋರಿಸಿದರು. ಕೆರಳಿಸಿದರೂ ಏಳದ 213 ವೈರಸ್ ಪ್ರತಿಗಳನ್ನು ಅವರು ಬಿಡಿಸಿ ಓದಿದರು. ಸುಮಾರು 88% ಮುರಿದ ಪ್ರತಿಗಳು, ಎಂದೂ ಏಳಲಾರದವು. ಪಿಸಿಆರ್ ಇವನ್ನೂ ಎಣಿಸಿಬಿಡುತ್ತದೆ. ನನ್ನನ್ನು ಕಾಡುವುದು ಉಳಿದ 12%. ಅವು ಪೂರ್ತಿ ಸರಿಯಾಗಿದ್ದವು, ಆ ಸಲ ಏಳಲಿಲ್ಲ ಅಷ್ಟೇ. ಅಂದರೆ ಎಬ್ಬಿಸುವ ಪರೀಕ್ಷೆಯ ಲೆಕ್ಕವೂ ಕಡಿಮೆಯೇ, ಅಲ್ವಾ?

2019ರಲ್ಲಿ ಸಿಲಿಸಿಯಾನೊ ತಂಡ ಇನ್ನೊಂದು ದಾರಿ ಹಿಡಿಯಿತು. ರೋಗಿಯ ಕೋಶಗಳ ಡಿಎನ್‌ಎಯನ್ನು ಸಾವಿರಾರು ಪುಟ್ಟ ಹನಿಗಳಾಗಿ ಹಂಚಿ, ವೈರಸ್ಸಿನ ಎರಡು ಜಾಗಗಳನ್ನು ಎರಡು ಬಣ್ಣದಲ್ಲಿ ಹುಡುಕಿತು. ಹೆಚ್ಚಾಗಿ ಮುರಿಯುವುದು ಈ ಜಾಗಗಳಲ್ಲೇ. ಒಂದೇ ಹನಿಯಲ್ಲಿ ಎರಡೂ ಬಣ್ಣ ಹೊಳೆದರೆ ಆ ವೈರಸ್ ಬಹುತೇಕ ಸರಿಯಾಗಿದೆ ಎಂದರ್ಥ. ಬಹುತೇಕ ಅಂದೆ, ಏಕೆಂದರೆ ನೋಡಿದ್ದು ಎರಡೇ ಜಾಗ.

ಆದರೆ ಈ ಪರೀಕ್ಷೆ ರೂಪುಗೊಂಡದ್ದು ಅಮೆರಿಕ, ಯುರೋಪಿನಲ್ಲಿ ಹೆಚ್ಚಾಗಿರುವ ಎಚ್‌ಐವಿಯ ಬಿ ಉಪವಿಧಕ್ಕೆ. ಭಾರತದಲ್ಲಿ ಹೆಚ್ಚಾಗಿರುವುದು ಸಿ. ಹುಡುಕುವ ಡಿಎನ್‌ಎ ತುಣುಕು ಆ ಜಾಗಕ್ಕೆ ಸರಿಯಾಗಿ ಕೂರದಿದ್ದರೆ, ವೈರಸ್ ಇದ್ದರೂ ಹನಿ ಹೊಳೆಯುವುದಿಲ್ಲ. ನಮ್ಮವರ ರಕ್ತದಲ್ಲಿ ಮಲಗಿರುವುದನ್ನು ಎಣಿಸಲು ಸಿ ಉಪವಿಧಕ್ಕೆ ಹೊಂದುವ ತುಣುಕುಗಳೇ ಬೇಕು.