ತಟ್ಟೆಯಲ್ಲಿಲ್ಲದ ಕಾವು ಮೋಡಕ್ಕೆಲ್ಲಿಂದ?

ಕಪ್ಪುಕುಳಿ ಎಕ್ಸ್-ರೇ ಸೂಸುತ್ತದೆ ಅನ್ನುವ ಮಾತೇ ಅರ್ಧ ತಪ್ಪು. ಸೂಸುವುದು ಅದರೊಳಗೆ ಇನ್ನೂ ಬೀಳದ ಅನಿಲ. ರಾಜಹಂಸ ನಕ್ಷತ್ರಪುಂಜದ ಸಿಗ್ನಸ್ ಎಕ್ಸ್-1 ಎಂಬ ಕಪ್ಪುಕುಳಿ ಕಣ್ಣಿಗೆ ಬಿದ್ದದ್ದು 1964ರಲ್ಲಿ, ರಾಕೆಟ್ಟಿನಲ್ಲಿ ಹಾರಿಸಿದ ಉಪಕರಣಕ್ಕೆ. 2021ರ ಲೆಕ್ಕದಂತೆ ಅದರ ತೂಕ 21 ಸೂರ್ಯರಷ್ಟು. ಜೊತೆಗಾರ ನಕ್ಷತ್ರವೊಂದು 5.6 ದಿನಕ್ಕೊಮ್ಮೆ ಸುತ್ತು ಮುಗಿಸುತ್ತದೆ. ಕುಳಿ ಅದನ್ನು ಗುಳುಂ ಮಾಡಿದೆ ಎಂದು ಟಿವಿಯವರು ಹೇಳುವುದು ಸರಿಯಲ್ಲ; ನಕ್ಷತ್ರವೇ ಬೀಸುವ ಗಾಳಿಯಲ್ಲಿ ಒಂದು ಪಾಲು ಮಾತ್ರ ಕುಳಿಯ ಸುತ್ತ ತಟ್ಟೆಯಾಗಿ ತಿರುಗುತ್ತಿದೆ.

ತಟ್ಟೆಯ ಒಳ ಅಂಚು ಹೆಚ್ಚೆಂದರೆ ಒಂದು ಕೋಟಿ ಡಿಗ್ರಿ. ಆದರೆ ಬರುತ್ತಿರುವ ಎಕ್ಸ್-ರೇಯಲ್ಲಿ ಬಹುಪಾಲು 100 ಕೋಟಿ ಡಿಗ್ರಿಯ ಸರಕು! ಹಾಗಾಗಿ ತಟ್ಟೆಯ ಹತ್ತಿರ ಎಲ್ಲೋ ತೆಳ್ಳಗಿನ, ವಿಪರೀತ ಕಾದ ಎಲೆಕ್ಟ್ರಾನ್ ಮೋಡ ಇರಲೇಬೇಕು. ಅದರ ಹೆಸರು ಕರೋನಾ.

ಅದು ಕೆಲಸ ಮಾಡುವ ಬಗೆ ಸೊಗಸಾಗಿದೆ. ತಟ್ಟೆಯಿಂದ ಹೊರಟ ಮಂದ ಫೋಟಾನ್ (ಬೆಳಕಿನ ಕಣ) ವೇಗದ ಎಲೆಕ್ಟ್ರಾನಿಗೆ ತಾಗಿದರೆ, ಬೀಸುವ ಬ್ಯಾಟಿಗೆ ಸಿಕ್ಕ ಚೆಂಡಿನಂತೆ ಚುರುಕಾಗುತ್ತದೆ. ಮೊದಮೊದಲು ಪ್ರತಿ ಪೆಟ್ಟಿಗೂ ಶಕ್ತಿ ಸೇರುತ್ತಾ ಹೋಗುತ್ತದೆ, ಚಕ್ರಬಡ್ಡಿಯ ಹಾಗೆ. ಪ್ರತಿ ಪೆಟ್ಟಿನ ನಂತರವೂ ಬಹಳಷ್ಟು ಫೋಟಾನ್ ತಪ್ಪಿಸಿಕೊಳ್ಳುತ್ತವೆ. ಹತ್ತಾರು ಪೆಟ್ಟು ತಿನ್ನುವವು ವಿರಳ. ಸಂತೆಯಲ್ಲಿ ಐದು ಅಂಗಡಿ ದಾಟುವವರಿಗಿಂತ ಐವತ್ತು ದಾಟುವವರು ಕಡಿಮೆ ಇದ್ದಂತೆ. ಶಕ್ತಿ ಏರಿದಂತೆ ಎಣಿಕೆ ಒಂದೇ ಲಯದಲ್ಲಿ ಇಳಿಯುವುದು ಇದರಿಂದಲೇ.

ತೊಡಕೂ ಅಲ್ಲೇ ಇದೆ. ಫೋಟಾನಿಗೆ ಶಕ್ತಿ ಕೊಟ್ಟ ಎಲೆಕ್ಟ್ರಾನ್ ಕ್ಷಣದಲ್ಲಿ ತಣ್ಣಗಾಗುತ್ತದೆ. ಅದನ್ನು ಮತ್ತೆ ಮತ್ತೆ ಕಾಯಿಸುವವರು ಯಾರು? ಕಾಂತರೇಖೆಗಳು ತುಂಡಾಗಿ ಮರುಜೋಡಣೆಯಾಗುವಾಗ ಬಿಡುಗಡೆಯಾಗುವ ಶಕ್ತಿ ಎಂಬುದು ಒಳ್ಳೆಯ ಊಹೆ, ಸಾಬೀತಾಗಿಲ್ಲ. ಮೋಡದ ಆಕಾರವೂ ವಿವಾದದಲ್ಲಿದೆ: ಕುಳಿಯ ನೆತ್ತಿಯ ಮೇಲೆ ದೀಪದಂತಿದೆಯೋ, ತಟ್ಟೆಯ ಮಟ್ಟದಲ್ಲಿ ಹರಡಿದೆಯೋ?

ಇದಕ್ಕೆ ಧ್ರುವೀಕರಣ ಅಳೆಯಬೇಕು, ಅಂದರೆ ಫೋಟಾನ್‌ಗಳ ವಿದ್ಯುತ್ ಕ್ಷೇತ್ರ ಒಂದೇ ದಿಕ್ಕಿಗೆ ಎಷ್ಟರಮಟ್ಟಿಗೆ ಸಾಲುಗೂಡಿದೆ ಎಂಬುದನ್ನು. 2022ರಲ್ಲಿ ಐಎಕ್ಸ್‌ಪಿಇ ಉಪಗ್ರಹಕ್ಕೆ ಸಿಕ್ಕಿದ್ದು ಸುಮಾರು ಶೇ. 4, ಅದೂ ಕುಳಿಯ ಬಳಿಯಿಂದ ಚಿಮ್ಮುವ ಚಿಲುಮೆಯ ದಿಕ್ಕಿನಲ್ಲೇ. ಹೀಗೆ ಪೆಟ್ಟು ತಿಂದ ಬೆಳಕಿನ ಧ್ರುವೀಕರಣ ಮೋಡ ಹರಡಿದ ದಿಕ್ಕಿಗೆ ಲಂಬವಾಗಿರುತ್ತದೆ, ಅಂದರೆ ಮೋಡ ಚಿಲುಮೆಗೆ ಅಡ್ಡಲಾಗಿ ಹರಡಿದೆ. ದೀಪದ ಕಲ್ಪನೆಗೆ ಪೆಟ್ಟು ಬಿತ್ತು. ಆದರೆ ಜೋಡಿಯ ಕಕ್ಷೆ ನಮಗೆ ಕಾಣುವ ಓರೆ 27 ಡಿಗ್ರಿ ಮಾತ್ರ, ಹೆಚ್ಚುಕಡಿಮೆ ಮೇಲಿನಿಂದ ನೋಡಿದಂತೆ; ಅಷ್ಟಕ್ಕೆ ಶೇ. 4 ತೀರಾ ಹೆಚ್ಚಾಯಿತು. ಒಳತಟ್ಟೆ ಕಕ್ಷೆಗಿಂತ ಹೆಚ್ಚು ವಾಲಿದೆಯೋ, ಮೋಡವೇ ಬೆಳಕಿನ ವೇಗದ ಗಣನೀಯ ಪಾಲಿನಲ್ಲಿ ಹೊರಗೆ ಹರಿಯುತ್ತಿದೆಯೋ, ಇನ್ನೂ ಇತ್ಯರ್ಥವಾಗಿಲ್ಲ.

ಐಎಕ್ಸ್‌ಪಿಇ ನೋಡುವುದು 2ರಿಂದ 8 ಕಿಲೋಎಲೆಕ್ಟ್ರಾನ್‌ವೋಲ್ಟ್ (ಫೋಟಾನ್ ಶಕ್ತಿಯ ಅಳತೆ). ಅಲ್ಲಿಂದ 30ರವರೆಗಿನದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ ಪೋಲಿಕ್ಸ್ ಉಪಕರಣದ ಪಾಲು. ಇಸ್ರೋ ಅದನ್ನು 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಹಾರಿಸಿತು. ಪೋಲಿಕ್ಸ್ ನಡುವೆ ಬೆರಿಲಿಯಂ, ನಾಲ್ಕು ಬದಿಗೆ ಫೋಟಾನ್ ಎಣಿಸುವ ಪೆಟ್ಟಿಗೆ. ಬೆರಿಲಿಯಂಗೆ ತಾಗಿದ ಫೋಟಾನ್ ತನ್ನ ವಿದ್ಯುತ್ ಕ್ಷೇತ್ರಕ್ಕೆ ಲಂಬವಾಗಿ ಸಿಡಿಯುವುದೇ ಹೆಚ್ಚು. ಪೆಟ್ಟಿಗೆಗಳ ಸೂಕ್ಷ್ಮತೆ ಒಂದೇ ಸಮ ಇರುವುದಿಲ್ಲವಲ್ಲ, ಆ ವ್ಯತ್ಯಾಸ ಧ್ರುವೀಕರಣದ ವೇಷ ಹಾಕದಿರಲೆಂದು ಇಡೀ ಉಪಗ್ರಹವನ್ನೇ ನಿಧಾನವಾಗಿ ತಿರುಗಿಸುತ್ತಾರೆ. ನಿಜವಾದ ಧ್ರುವೀಕರಣವಿದ್ದರೆ ಒಂದು ಸುತ್ತಿಗೆ ಎಣಿಕೆ ಎರಡು ಸಲ ಏರಿಳಿಯುತ್ತದೆ. ಶೇ. 1ರಷ್ಟು ಧ್ರುವೀಕರಣವನ್ನು ಧೈರ್ಯವಾಗಿ ಹೇಳಲು ಹತ್ತು ಲಕ್ಷದಷ್ಟಾದರೂ ಫೋಟಾನ್ ಬೇಕು. ಅದಕ್ಕೇ ಒಂದೇ ಆಕರವನ್ನು ವಾರಗಟ್ಟಲೆ ದಿಟ್ಟಿಸಬೇಕಾಗುತ್ತದೆ.