ಮೃತ ಸಮುದ್ರದ ದಡದ ತೋಟಕ್ಕೆ ನೀರು ಎಲ್ಲಿಂದ?

ಪ್ರಶ್ನೆ: ಮೃತ ಸಮುದ್ರದ ಪಕ್ಕ ಹುಲ್ಲೂ ಹುಟ್ಟಲ್ಲ ಅಂತಾರೆ. ಆದರೆ ಇಸ್ರೇಲಿನ ಏನ್ ಗೆದಿ ಎಂಬ ಕೂಡಿಬಾಳುವ ಊರಿನ, ಅಂದರೆ ಕಿಬ್ಬುತ್ಸ್‌ನ, ಫೋಟೊಗಳಲ್ಲಿ ಎಲ್ಲಿ ನೋಡಿದರೂ ಹಸಿರು. ಅವರು ಸಮುದ್ರದ ಉಪ್ಪುನೀರನ್ನೇ ಸಿಹಿ ಮಾಡಿಕೊಳ್ತಾರಾ?

ಇಲ್ಲ. ಅದು ಮಳೆನೀರೇ. ಆದರೆ ಅಲ್ಲಿ ಬಿದ್ದ ಮಳೆಯಲ್ಲ.

ಏನ್ ಗೆದಿಯಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಆಗುವುದಿಲ್ಲ. ಆಗುಂಬೆಯಲ್ಲಿ ಮಳೆಗಾಲದ ಒಂದೇ ದಿನ ಇದಕ್ಕಿಂತ ಜಾಸ್ತಿ ಸುರಿಯುವುದುಂಟು. ಮಳೆ ಬೀಳುವುದು ಪಶ್ಚಿಮಕ್ಕಿರುವ ಬೆಟ್ಟಗಳ ನೆತ್ತಿಯಲ್ಲಿ, ಜೆರುಸಲೇಮ್ ಮತ್ತು ಹೆಬ್ರಾನ್ ಕಡೆ. ಅದು ಸುಣ್ಣಕಲ್ಲಿನ ಬೆಟ್ಟ. ಚಳಿಗಾಲದ ಮಳೆ ಬಿರುಕುಗಳಲ್ಲಿ ಇಳಿದು, ಕಲ್ಲಿನೊಳಗೇ ಪೂರ್ವಕ್ಕೆ ಸಾಗಿ, ಏನ್ ಗೆದಿಯ ಬಂಡೆಗಳಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ದಾವಿದ್, ಅರುಗೋತ್, ಶುಲಮಿತ್, ಏನ್ ಗೆದಿ ಎಂಬ ನಾಲ್ಕು ಮುಖ್ಯ ಒರತೆಗಳಿವೆ. ಕಡುಬೇಸಿಗೆಯಲ್ಲೂ ಇವು ಬತ್ತುವುದಿಲ್ಲ.

ಹಾಗಾಗಿ ಕಿಬ್ಬುತ್ಸ್‌ನವರಿಗಿಂತ ಸಾವಿರಾರು ವರ್ಷ ಮೊದಲೇ ಜನ ಇಲ್ಲಿ ಬಾಳಿದ್ದಾರೆ. ಒರತೆಯ ಮೇಲಿನ ದಿಬ್ಬದಲ್ಲಿ ತಾಮ್ರಯುಗದ ಗುಡಿಯೊಂದರ ಅಡಿಪಾಯ ಇದೆ. ರೋಮನರ ಕಾಲದಲ್ಲಿ ಈ ಊರು ಬಾಲ್ಸಮ್ ಎಂಬ ದುಬಾರಿ ಸುಗಂಧಕ್ಕೆ ಹೆಸರಾಗಿತ್ತು. ಯೆಹೂದಿಗಳ ಹಳೆಯ ಸಿನಗಾಗ್‌ನ (ಪ್ರಾರ್ಥನಾಮಂದಿರದ) ನೆಲದ ಮೇಲೆ ಚಿಕ್ಕ ಚಿಕ್ಕ ಕಲ್ಲುಗಳಲ್ಲಿ ಒಂದು ಶಾಪ ಬರೆದಿದ್ದಾರೆ. ನೆರೆಯವರ ನಡುವೆ ಜಗಳ ಹಚ್ಚುವವರಿಗೆ, ಚಾಡಿ ಹೇಳುವವರಿಗೆ, ಕದಿಯುವವರಿಗೆ ಮತ್ತು ‘ಊರಿನ ಗುಟ್ಟು’ ಹೊರಗೆಡಹುವವರಿಗೆ ಆ ಶಾಪ. ಗುಟ್ಟು ಏನಿರಬಹುದು? ಬಾಲ್ಸಮ್ ತಯಾರಿಸುವ ವಿಧಾನವೇ ಇರಬೇಕು ಎನ್ನುವುದು ಹಲವು ವಿದ್ವಾಂಸರ ಊಹೆ.

ಕಿಬ್ಬುತ್ಸ್ ಎಂದರೆ ದುಡಿಮೆ, ಆಸ್ತಿ, ಊಟದ ಮನೆ ಎಲ್ಲವನ್ನೂ ಹಂಚಿಕೊಳ್ಳುವ ಊರು ಎಂಬ ಕಲ್ಪನೆಯಿಂದ ಹುಟ್ಟಿದ್ದು. ಮೊದಲನೆಯದಾದ ದೆಗಾನಿಯ 1910ರದು. ಏನ್ ಗೆದಿ ಶುರುವಾಗಿದ್ದು 1953ರಲ್ಲಿ, ಸೈನಿಕರ ಹೊರಠಾಣೆಯಾಗಿ. 1956ರಲ್ಲಿ ಅದು ಕಿಬ್ಬುತ್ಸ್ ಆಯಿತು. ಜೋರ್ಡಾನ್ ಜತೆಗಿನ ಕದನವಿರಾಮ ರೇಖೆ ಉತ್ತರಕ್ಕೆ ಸ್ವಲ್ಪವೇ ದೂರದಲ್ಲಿತ್ತು. ಜೆರುಸಲೇಮಿನಿಂದ ದಡದ ಗುಂಟ ಬರುವ ದಾರಿ ತೆರೆದದ್ದು 1967ರ ಯುದ್ಧದ ನಂತರ. ಅಲ್ಲಿಯವರೆಗೆ ಅದೊಂದು ಮೂಲೆಗೆ ಬಿದ್ದ ಊರು.

ಈಗ ಆ ಊರೇ ಒಂದು ಸಸ್ಯೋದ್ಯಾನ. 900ಕ್ಕೂ ಹೆಚ್ಚು ಜಾತಿಯ ಗಿಡಗಳು ಮನೆಗಳ ಮಧ್ಯೆಯೇ ಬೆಳೆದಿವೆ, ಬಾವೊಬಾಬ್ ಮರವೂ ಸೇರಿ. ನನಗೆ ಮಾತ್ರ ಹೊರಗಿನ ಕಣಿವೆಯ ಗಿಡಗಳೇ ಹೆಚ್ಚು ಇಷ್ಟ. ಅಲ್ಲಿ ‘ಸೊದೋಮಿನ ಸೇಬು’ ಎಂದು ಹೆಸರುವಾಸಿಯಾದ ಗಿಡವೊಂದಿದೆ. ದಪ್ಪ ಬೂದು ಎಲೆ, ಮುರಿದರೆ ಬಿಳಿ ಹಾಲು. ಗುರುತು ಸಿಕ್ಕಿತು ಅಲ್ವಾ? ನಮ್ಮ ಎಕ್ಕವೇ! ಕಾಯಿ ಹಸಿರು ಮಾವಿನಷ್ಟು ದಪ್ಪಗೆ ಕಾಣುತ್ತದೆ. ಹಿಸುಕಿದರೆ ಒಳಗೆ ಬರೀ ಗಾಳಿ, ನಡುವೆ ರೇಷ್ಮೆ ಎಳೆ ಅಂಟಿದ ಬೀಜ.

ಬಂಡೆಗಳಲ್ಲಿ ಬಾಗಿದ ಕೊಂಬಿನ ಐಬೆಕ್ಸ್ ಕಾಡುಮೇಕೆಗಳಿವೆ. ಕಿಬ್ಬುತ್ಸ್‌ಗೆ ನುಗ್ಗಿ ತೋಟ ಮೇಯುವುದರಲ್ಲಿ ಅವಕ್ಕೆ ನಾಚಿಕೆಯೇ ಇಲ್ಲ. ಹಿಂದೆ ಚಿರತೆಗಳೂ ಬಂದು ನಾಯಿ, ಬೆಕ್ಕು ಹೊತ್ತೊಯ್ಯುತ್ತಿದ್ದವು. ಈಗ ಅಲ್ಲಿ ಚಿರತೆಯ ಸುಳಿವಿಲ್ಲ.

ಪ್ರಶ್ನೆಗೆ ಉತ್ತರ ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಊರನ್ನು ಸಾಕಿದ ಆ ಸಿಹಿನೀರೇ ಈಗ ಅದರ ತಗ್ಗಿನ ನೆಲವನ್ನು ಕರಗಿಸುತ್ತಿದೆ. ಮೃತ ಸಮುದ್ರದ ಮಟ್ಟ ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತಿದೆ. ಅದಕ್ಕೆ ನೀರು ತರುವ ಜೋರ್ಡಾನ್ ನದಿ ಮತ್ತು ಅದರ ಉಪನದಿಗಳ ನೀರನ್ನು ಇಸ್ರೇಲ್, ಜೋರ್ಡಾನ್, ಸಿರಿಯಾ ಮೂರೂ ದೇಶಗಳು ಸಮುದ್ರ ಸೇರುವ ಮೊದಲೇ ಬಳಸಿಕೊಳ್ಳುತ್ತವೆ. ಸಾಲದ್ದಕ್ಕೆ, ದಕ್ಷಿಣದ ಪೊಟ್ಯಾಶ್ ಕಾರ್ಖಾನೆಗಳು ಸಮುದ್ರದ ನೀರನ್ನು ಕೊಳಗಳಿಗೆ ಎತ್ತಿ ಆವಿ ಮಾಡುತ್ತವೆ. ದಡದ ಮಣ್ಣಿನಡಿ ಹಳೆಯ ಉಪ್ಪಿನ ಪದರವಿದೆ. ಮೊದಲು ಅದರ ಸುತ್ತ ಉಪ್ಪುನೀರೇ ತುಂಬಿದ್ದರಿಂದ ಅದು ಕರಗುತ್ತಿರಲಿಲ್ಲ. ಸಮುದ್ರ ಹಿಂದೆ ಸರಿದಂತೆ ಬೆಟ್ಟದ ಕಡೆಯ ಸಿಹಿನೀರು ಆ ಜಾಗಕ್ಕೆ ನುಗ್ಗಿತು. ಉಪ್ಪು ಕರಗಿ ನೆಲದೊಳಗೆ ಪೊಳ್ಳಾಯಿತು. ಮೇಲೆ ಏನೂ ಗೊತ್ತಾಗುವುದಿಲ್ಲ, ಒಂದು ದಿನ ದಿಢೀರನೆ ಕುಸಿಯುತ್ತದೆ. ದಡದ ಉದ್ದಕ್ಕೂ ಇಂಥ ಸಾವಿರಾರು ಗುಂಡಿಗಳಿವೆ.

ಏನ್ ಗೆದಿಯ ಖರ್ಜೂರದ ತೋಟದ ಒಂದಷ್ಟು ಭಾಗವನ್ನು ಹೀಗೇ ಕೈಬಿಡಬೇಕಾಯಿತು. ಸ್ನಾನದ ಬೀಚನ್ನೂ ಮುಚ್ಚಿದ್ದಾರೆ. ಸಮುದ್ರದ ಹತ್ತಿರವೇ ಕಟ್ಟಿದ್ದ ಸ್ಪಾದಿಂದ ನೀರು ಎಷ್ಟು ದೂರ ಹೋಯಿತೆಂದರೆ, ಜನರನ್ನು ಟ್ರ್ಯಾಕ್ಟರ್ ಗಾಡಿಯಲ್ಲಿ ಕರೆದೊಯ್ಯುವ ಹಾಗಾಯಿತು. ಕಿಬ್ಬುತ್ಸ್‌ನ ಮನೆಗಳು ಎತ್ತರದ ಗುಡ್ಡದ ಮೇಲಿರುವುದರಿಂದ ಬಚಾವು.

ಹೋಗುವವರಿದ್ದರೆ ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಸುಲಭವಾಗಿ ದಾಟುತ್ತದೆ. ಮೇಲಿನ ಬೆಟ್ಟದಲ್ಲಿ ಮಳೆಯ ಸೂಚನೆ ಇದ್ದರೆ ಕಣಿವೆಗೆ ಇಳಿಯಬೇಡಿ, ನಿಮ್ಮ ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ ಪ್ರವಾಹ ಬಂದುಬಿಡುತ್ತದೆ. ದಡದ ಕಡೆ ಬೇಲಿ ಕಂಡರೆ ಫೋಟೊಗೋಸ್ಕರವೂ ದಾಟಬೇಡಿ.